ಜಠರದ ಕ್ಯಾನ್ಸರ್: ಗಡ್ಡೆಗೂ ತಳಿಯುಂಟು

ಒಂದೇ ಮಳೆ, ಒಂದೇ ನೆರಳು, ಒಂದೇ ಗೊಬ್ಬರ. ಆದರೂ ಎಲೆ ತುಕ್ಕು ರೋಗ ಬಂದಾಗ ಒಂದು ತಳಿಯ ಕಾಫಿ ಗಿಡ ಬೋಳಾಗುತ್ತದೆ, ಇನ್ನೊಂದು ತಾಳಿಕೊಳ್ಳುತ್ತದೆ. ಇದು ಬೆಳೆಗಾರ ಬಂಧುಗಳಿಗೆಲ್ಲ ತಿಳಿದ ಸಂಗತಿ. ಜಠರದ ಕ್ಯಾನ್ಸರಿನಲ್ಲೂ ಹೀಗೆಯೇ. ಒಂದೇ ಹಂತದಲ್ಲಿ ಪತ್ತೆಯಾದ ಇಬ್ಬರಲ್ಲಿ ಒಬ್ಬರು ಗುಣಮುಖರಾಗುತ್ತಾರೆ, ಇನ್ನೊಬ್ಬರಲ್ಲಿ ರೋಗ ಮರುಕಳಿಸುತ್ತದೆ. ಇದರ ಕಾರಣದ ಒಂದು ಪಾಲು ವಂಶವಾಹಿಗಳಲ್ಲಿದೆ.

ಈ ವ್ಯತ್ಯಾಸ ಎರಡು ಬಗೆಯದು. ಒಂದು, ತಂದೆ ಅಥವಾ ತಾಯಿಯಿಂದ ಬಂದದ್ದು. ನ್ಯೂಜಿಲೆಂಡಿನ ಮಾವೊರಿ ಕುಟುಂಬವೊಂದರಲ್ಲಿ ತಲೆಮಾರುಗಳಿಂದ ಹಲವರು, ಹರೆಯದವರೂ ಸೇರಿ, ಈ ರೋಗಕ್ಕೆ ಬಲಿಯಾಗಿದ್ದರು. ಸಿ.ಡಿ.ಎಚ್.1 ಎಂಬ ವಂಶವಾಹಿಯ ದೋಷವೇ ಕಾರಣವೆಂದು ಪ್ಯಾರಿ ಗಿಲ್‌ಫೋರ್ಡ್ ಮತ್ತು ಸಂಗಡಿಗರು 1998ರಲ್ಲಿ ತೋರಿಸಿದರು. ಜೀವಕೋಶಗಳನ್ನು ಒಂದಕ್ಕೊಂದು ಹಿಡಿದಿಡುವ ಪ್ರೋಟೀನನ್ನು ಈ ವಂಶವಾಹಿ ಒದಗಿಸುತ್ತದೆ. ಅದು ಕೆಟ್ಟರೆ ರೋಗದ ಕೋಶಗಳು ಗಡ್ಡೆ ಕಟ್ಟದೆ ಜಠರದ ಗೋಡೆಯೊಳಗೆ ಚದುರುತ್ತವೆ. ಎಂಡೋಸ್ಕೋಪಿಗೂ ಸುಲಭವಾಗಿ ಸಿಗುವುದಿಲ್ಲ. ಆದುದರಿಂದ ಅಂಥ ಮನೆಯವರಲ್ಲಿ ದೋಷವುಳ್ಳ ಕೆಲವರು ರೋಗ ಬರುವ ಮುನ್ನವೇ ಜಠರವನ್ನು ತೆಗೆಸಿಕೊಳ್ಳುತ್ತಾರೆ. ಇಂಥ ಕುಟುಂಬಗಳು ವಿರಳ.

ಎರಡನೆಯದು, ಗಡ್ಡೆಯೊಳಗೇ ಹುಟ್ಟಿಕೊಂಡ ಬದಲಾವಣೆ. ಅಮೆರಿಕದ ಕ್ಯಾನ್ಸರ್ ಜೀನೋಮ್ ಅಟ್ಲಾಸ್ ಯೋಜನೆಯವರು 295 ಗಡ್ಡೆಗಳನ್ನು ಪರೀಕ್ಷಿಸಿ 2014ರಲ್ಲಿ ನಾಲ್ಕು ಬಗೆಗಳನ್ನು ಗುರುತಿಸಿದರು. ಅವುಗಳಲ್ಲಿ ಸುಮಾರು ಐದನೆಯ ಒಂದು ಪಾಲು ಎಂ.ಎಸ್.ಐ. ಎಂಬ ಬಗೆಯವು. ಇವುಗಳಲ್ಲಿ ವಂಶವಾಹಿಯನ್ನು ನಕಲು ಮಾಡುವಾಗ ಆದ ತಪ್ಪುಗಳನ್ನು ತಿದ್ದುವ ವ್ಯವಸ್ಥೆ ಕೆಟ್ಟಿರುತ್ತದೆ. ತಪ್ಪುಗಳು ರಾಶಿ ಬಿದ್ದು, ದೇಹದ ರಕ್ಷಣಾಶಕ್ತಿಗೆ ಗಡ್ಡೆ ಪರಕೀಯವೆಂದು ಗೊತ್ತಾಗುತ್ತದೆ. ಶಸ್ತ್ರಚಿಕಿತ್ಸೆಯ ಬಳಿಕ ಇಂಥವರ ಗತಿ ಉಳಿದವರಿಗಿಂತ ಸಾಮಾನ್ಯವಾಗಿ ಉತ್ತಮ.

ಹರ್-2 ವಂಶವಾಹಿಯ ಪ್ರತಿಗಳು ಹೆಚ್ಚಿರುವ ಗಡ್ಡೆಗಳಿಗೆ ಅದನ್ನೇ ಗುರಿಯಾಗಿಸುವ ಟ್ರಾಸ್ಟುಜುಮ್ಯಾಬ್ ಔಷಧಿಯಿದೆ. ಮುಂದುವರಿದ ರೋಗವಿದ್ದವರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಕಿಮೋ ಜೊತೆಗೆ ಇದನ್ನು ಕೊಟ್ಟಾಗ ರೋಗಿಗಳ ಮಧ್ಯಮ ಆಯುಷ್ಯ 11.1 ತಿಂಗಳಿಂದ 13.8 ತಿಂಗಳಿಗೆ ಏರಿತು. ಲಾಭ ಸಣ್ಣದೆನಿಸಬಹುದು, ಆದರೆ ತಳಿ ನೋಡಿ ಔಷಧಿ ಆರಿಸುವ ದಾರಿ ತೆರೆಯಿತು.

ಒಂದು ಮಾತು ಮರೆಯಬಾರದು. ಈ ಪರೀಕ್ಷೆಗಳು ಜಾತಕವಲ್ಲ. ರೋಗ ಯಾವ ಹಂತದಲ್ಲಿ ಸಿಕ್ಕಿತು ಎಂಬುದೇ ಇಂದಿಗೂ ಮುಖ್ಯ. ಬಿಡದ ಹೊಟ್ಟೆನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಕಪ್ಪು ಮಲ, ನುಂಗಲು ತೊಂದರೆ, ಇವುಗಳನ್ನು ಗ್ಯಾಸ್ ಎಂದು ತಳ್ಳಿಹಾಕಿ ಕೊಯ್ಲು ಮುಗಿಯಲಿ ಎಂದು ಕಾಯಬೇಡಿ. ಕ್ಯಾನ್ಸರ್ ಎಂದು ಖಚಿತವಾದರೆ, ಬಯಾಪ್ಸಿಗೆ ತೆಗೆದ ತುಣುಕಿನಲ್ಲೇ ಹರ್-2 ಮತ್ತು ಎಂ.ಎಸ್.ಐ. ಪರೀಕ್ಷೆ ಆಗಬೇಕೇ ಎಂದು ವೈದ್ಯರನ್ನು ಕೇಳಿ. ಮನೆಯಲ್ಲಿ ಇಬ್ಬರು ಮೂವರಿಗೆ ಈ ರೋಗ ಬಂದಿದ್ದರೆ ಅದನ್ನೂ ಮುಚ್ಚಿಡದೆ ತಿಳಿಸಿ.