ಚಕ್ರ ಇಳಿಯದಿದ್ದರೆ ಏನು ಮಾಡುತ್ತೀರಿ?

ಕಳೆದ ಬಾರಿ ರಜೆಯಲ್ಲಿ ಊರಿಗೆ ಬಂದಿದ್ದಾಗ ಫಿಸಿಕ್ಸ್ ಸರ್ ಕರೆದರೆಂದು ಕಾಲೇಜಿಗೆ ಹೋಗಿದ್ದೆ. ದ್ವಿತೀಯ ಪಿಯುಸಿ ವಿಜ್ಞಾನ ವಿಭಾಗದವರ ಜೊತೆ ಒಂದು ಪೀರಿಯಡ್ ಮಾತು. ಪೈಲಟ್ ಆಗಲು ಎಷ್ಟು ಖರ್ಚು, ಕನ್ನಡಕ ಇದ್ದರೆ ನಡೆಯುತ್ತದಾ ಎಂಬ ಪ್ರಶ್ನೆಗಳೆಲ್ಲ ಮುಗಿದ ಮೇಲೆ ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತಳು. “ಮೇಡಂ, ಇಳಿಯುವಾಗ ಚಕ್ರ ಹೊರಗೆ ಬರದಿದ್ದರೆ ಏನು ಮಾಡುತ್ತೀರಿ?” ಅಷ್ಟರಲ್ಲಿ ಬೆಲ್ ಆಯಿತು. ಅರ್ಧ ಉತ್ತರ ಹೇಳಿ ಬಂದೆ. ಉಳಿದ ಅರ್ಧ ಇಲ್ಲಿದೆ. ತರಬೇತಿಯ ದಿನಗಳಲ್ಲಿ ಇದೇ ಪ್ರಶ್ನೆ ನನಗೆ ಆಕಾಶದಲ್ಲಿ ಎದುರಾಗಿತ್ತು ಎಂದು ಅವತ್ತು ಹೇಳಲಾಗಲಿಲ್ಲ.

ಮೊಟ್ಟಮೊದಲು ಕಲಿಯುವ ವಿಮಾನಗಳಿಗೆ ಈ ತೊಂದರೆಯೇ ಇಲ್ಲ. ಸೆಸ್ನಾ 152 ಅಥವಾ ಸಾಮಾನ್ಯ ಸೆಸ್ನಾ 172ರ ಚಕ್ರಗಳು ಮಡಚುವುದಿಲ್ಲ, ಯಾವಾಗಲೂ ಹೊರಗೇ ಇರುತ್ತವೆ. ನಮ್ಮ ದೇಶದಲ್ಲಿ ಕಮರ್ಷಿಯಲ್ ಪೈಲಟ್ ಲೈಸೆನ್ಸ್‌ಗೆ 200 ಗಂಟೆ ಹಾರಾಟ ಬೇಕು. ಅದರ ಕೊನೆಯ ಭಾಗದಲ್ಲಿ ಸಾಮಾನ್ಯವಾಗಿ ಎರಡು ಎಂಜಿನ್‌ನ ವಿಮಾನಕ್ಕೆ ಹತ್ತಿಸುತ್ತಾರೆ. ಅದರಲ್ಲಿ ಚಕ್ರಗಳು ಒಳಗೆ ಮಡಚಿಕೊಳ್ಳುತ್ತವೆ. ಹೊರಗಿದ್ದರೆ ಗಾಳಿಯ ತಡೆ ಹೆಚ್ಚು, ವೇಗ ಕಡಿಮೆ, ಇಂಧನ ಜಾಸ್ತಿ. ಹಾಗಾಗಿ ಈ ಮಡಚುವ ಉಪಾಯ.

ನಾನು ಕಲಿತ ವಿಮಾನದಲ್ಲಿ ಒಂದು ವಿದ್ಯುತ್ ಮೋಟಾರು ಹೈಡ್ರಾಲಿಕ್ ಪಂಪನ್ನು ತಿರುಗಿಸುತ್ತದೆ. ಎಣ್ಣೆಯ ಒತ್ತಡ ಮೂರೂ ಕಾಲುಗಳನ್ನು ಮೇಲಕ್ಕೆಳೆಯುತ್ತದೆ. ಪಾಸ್ಕಲ್ ನಿಯಮ ಓದಿದ್ದೀರಲ್ಲ, ಅದೇ. ಇದರಲ್ಲಿ ನನಗೆ ಬಹಳ ಇಷ್ಟವಾದದ್ದು ಒಂದಿದೆ. ಮೇಲೆ ಹೋದ ಕಾಲನ್ನು ಹಿಡಿದಿಡಲು ಅಲ್ಲಿ ಕೊಕ್ಕೆ ಇಲ್ಲ, ಎಣ್ಣೆಯ ಒತ್ತಡ ಮಾತ್ರ. ಪಂಪು ಕೆಟ್ಟರೂ ಕರೆಂಟು ಹೋದರೂ ಪೈಲಟ್ ಒಂದು ನಾಬ್ ಎಳೆದು ಒತ್ತಡ ಬಿಟ್ಟರೆ ಸಾಕು, ಕಾಲುಗಳು ತಮ್ಮ ಭಾರದಿಂದ ತಾವೇ ಕೆಳಗೆ ಬೀಳುತ್ತವೆ. ಸ್ಪ್ರಿಂಗ್‌ಗಳು ಸ್ವಲ್ಪ ನೂಕುತ್ತವೆ. ಕರೆಂಟಿಗೆ ಪವರ್ ಕಟ್ ಇರಬಹುದು, ಗುರುತ್ವಾಕರ್ಷಣೆಗೆ ಇಲ್ಲ.

ಕಾಲು ಕೆಳಗೆ ಬಂದರಷ್ಟೇ ಸಾಲದು, ಲಾಕ್ ಆಗಬೇಕು. ಮದುವೆ ಹಾಲ್‌ಗಳಲ್ಲಿ ಮಡಚುವ ಊಟದ ಮೇಜು ನೋಡಿದ್ದೀರಿ. ಅದರ ಕಾಲಿಗೊಂದು ಕಬ್ಬಿಣದ ಪಟ್ಟಿ ಇರುತ್ತದೆ. ಅದನ್ನು ನೇರವಾಗುವಷ್ಟು ಒತ್ತಿ, ಇನ್ನೊಂಚೂರು ಮುಂದಕ್ಕೆ ತಳ್ಳಿದಾಗ ಟಕ್ ಎನ್ನುತ್ತದೆ. ಆಮೇಲೆ ಮೇಲಿಂದ ಎಷ್ಟು ಭಾರ ಬಿದ್ದರೂ ಮಡಚುವುದಿಲ್ಲ. ವಿಮಾನದ ಕಾಲಿನ ಲಾಕ್ ಕೂಡ ಸುಮಾರಾಗಿ ಹಾಗೆಯೇ. ಲಾಕ್ ಆದಾಗ ಅದು ಒಂದು ಪುಟ್ಟ ಸ್ವಿಚ್ಚನ್ನು ಒತ್ತುತ್ತದೆ, ಕಾಕ್‌ಪಿಟ್‌ನಲ್ಲಿ ಹಸಿರು ದೀಪ ಹೊತ್ತುತ್ತದೆ. ಮೂರು ಕಾಲಿಗೆ ಮೂರು ದೀಪ. ಆದ್ದರಿಂದ ದೀಪ ಹೊತ್ತದಿದ್ದರೆ ಕಾಲು ಕೆಟ್ಟಿದೆ ಎಂದೇ ಅರ್ಥವಲ್ಲ. ಬಲ್ಬ್ ಹೋಗಿರಬಹುದು, ವೈರ್ ತುಂಡಾಗಿರಬಹುದು, ಸ್ವಿಚ್ ಕೈಕೊಟ್ಟಿರಬಹುದು. ನಾಲ್ಕನೆಯ ಸಾಧ್ಯತೆ ಮಾತ್ರ ಭಯದ್ದು.

ಅವತ್ತು ಬೆಳಿಗ್ಗೆ ರನ್‌ವೇಗೆ ಸಮಾನಾಂತರವಾಗಿ ಸಾವಿರ ಅಡಿಯಲ್ಲಿ ಹಾರುತ್ತಾ ಗೇರ್ ಲಿವರ್ ಕೆಳಗೆ ಒತ್ತಿದೆ. ಎರಡು ದೀಪ ಹೊತ್ತಿದವು. ಎಡಗಾಲಿನದು ಕಪ್ಪಗೇ ಇತ್ತು. ದೀಪ ನೋಡಿದೆ, ಲಿವರ್ ನೋಡಿದೆ, ಮತ್ತೆ ದೀಪ ನೋಡಿದೆ, ಬೆರಳಿನಿಂದ ತಟ್ಟಿಯೂ ನೋಡಿದೆ. ಬಲಗಡೆ ಕುಳಿತಿದ್ದ ಇನ್‌ಸ್ಟ್ರಕ್ಟರ್ ಸರ್ ಮೆತ್ತಗೆ ಕೇಳಿದರು, “ಈಗ ವಿಮಾನ ಹಾರಿಸುತ್ತಿರುವವರು ಯಾರು?” ಆಲ್ಟಿಮೀಟರ್ ಕಡೆ ಕಣ್ಣು ಹಾಯಿಸಿದೆ. ಮುನ್ನೂರು ಅಡಿ ಇಳಿದುಬಿಟ್ಟಿದ್ದೆ. ಸಾವಿರದಲ್ಲಿ ಮುನ್ನೂರು, ಒಂದು ಬಲ್ಬ್ ನೋಡುತ್ತಾ.

ಅವರು ಬೈಯಲಿಲ್ಲ. ಸಂಜೆ ಕ್ಲಾಸ್‌ರೂಮಿನಲ್ಲಿ ಕೂರಿಸಿ 1972ರ ಕಥೆ ಹೇಳಿದರು. ಡಿಸೆಂಬರ್ 29ರ ರಾತ್ರಿ ನ್ಯೂಯಾರ್ಕ್‌ನಿಂದ ಮಯಾಮಿಗೆ ಬಂದ ಈಸ್ಟರ್ನ್ ಏರ್‌ಲೈನ್ಸ್‌ನ 401ನೇ ಫ್ಲೈಟ್, ಹೊಚ್ಚಹೊಸ ಟ್ರೈಸ್ಟಾರ್ ವಿಮಾನ. ಮುಂದಿನ ಚಕ್ರದ ಹಸಿರು ದೀಪ ಹೊತ್ತಲಿಲ್ಲ. 2,000 ಅಡಿಗೆ ಏರಿ ಆಟೋಪೈಲಟ್‌ಗೆ ಬಿಟ್ಟು ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಯಾರದೋ ಕೈ ತಾಗಿ ಎತ್ತರ ಕಾಯುವ ಆಟೋಪೈಲಟ್ ಕಳಚಿಕೊಂಡಿತು. ವಿಮಾನ ನಿಧಾನವಾಗಿ ಇಳಿಯುತ್ತಾ ಹೋಗಿ ಎವರ್‌ಗ್ಲೇಡ್ಸ್ ಜೌಗುಪ್ರದೇಶಕ್ಕೆ ಬಡಿಯಿತು. ಸುಮಾರು ನೂರು ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದು ಲಾಕ್ ಆಗಿತ್ತು. ಸುಟ್ಟಿದ್ದು ಬಲ್ಬ್.

ಸರಿಯಾಗಿ ಆರು ವರ್ಷಕ್ಕೆ ಒಂದು ದಿನ ಕಡಿಮೆ, 1978ರ ಡಿಸೆಂಬರ್ 28. ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-8 ವಿಮಾನ ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಚಕ್ರ ಇಳಿಸಿದಾಗ ದೊಡ್ಡ ಸದ್ದಾಯಿತು, ದೀಪದ ಸೂಚನೆ ಸರಿ ಬರಲಿಲ್ಲ. ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತು ಹಾಕಿಸುತ್ತಾ ಪ್ರಯಾಣಿಕರನ್ನು ಸಿದ್ಧಗೊಳಿಸಿದರು. ಇಂಧನ ಮುಗಿಯುತ್ತಿದೆ ಎಂದು ಜೊತೆಗಿದ್ದವರಿಗೆ ಗೊತ್ತಿತ್ತು, ಗಟ್ಟಿಯಾಗಿ ಹೇಳಲಿಲ್ಲ. ನಾಲ್ಕೂ ಎಂಜಿನ್ ನಿಂತು ಊರಂಚಿನಲ್ಲಿ ಬಿದ್ದಿತು, 10 ಮಂದಿ ಸತ್ತರು. ಇವತ್ತು ಪ್ರತಿ ಪೈಲಟ್ ಕಲಿಯುವ ಸಿಆರ್‌ಎಂ, ಅಂದರೆ ಕಾಕ್‌ಪಿಟ್‌ನಲ್ಲಿ ಕಿರಿಯರು ಬಾಯಿಬಿಟ್ಟು ಹೇಳಬೇಕು, ಹಿರಿಯರು ಕಿವಿಗೊಡಬೇಕು ಎಂಬ ಪಾಠ, ಬೆಳೆದು ಬಂದದ್ದಕ್ಕೆ ಈ ಅಪಘಾತ ದೊಡ್ಡ ಕಾರಣ.

ಎರಡೂ ಕಡೆ ಚಕ್ರ ಯಾರನ್ನೂ ಕೊಲ್ಲಲಿಲ್ಲ. ಒಂದು ಕಡೆ ಎತ್ತರ ಮರೆತರು, ಇನ್ನೊಂದು ಕಡೆ ಇಂಧನ ಮರೆತರು.

ನಮ್ಮ ವಿಮಾನಕ್ಕೆ ಮರಳುತ್ತೇನೆ. ಮೊದಲು ಮಾಡಿದ ಕೆಲಸ ಇಳಿಯುವ ಯೋಚನೆ ಬಿಟ್ಟದ್ದು. ಟವರ್‌ಗೆ ತಿಳಿಸಿ, ಉಳಿದ ವಿಮಾನಗಳ ದಾರಿಯಿಂದ ಪಕ್ಕಕ್ಕೆ ಸರಿದು 3,000 ಅಡಿಗೆ ಏರಿದೆವು. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನರನ್ನು ಕಳೆದುಕೊಂಡೆವು. ಅಲ್ಲಿ ಚಕ್ರದ ತೊಂದರೆ ಇರಲಿಲ್ಲ, ಇಳಿಯುವುದನ್ನು ಕೈಬಿಟ್ಟು ಮೇಲೇರಬೇಕಾದ ಹೊತ್ತಿನಲ್ಲಿ ಏರಲಿಲ್ಲ.

ಏರಿದ ಮೇಲೆ ಸರ್ ಹೇಳಿದರು: “ಈಗ ನಾನು ಹಾರಿಸುತ್ತೇನೆ, ನೀನು ಚೆಕ್‌ಲಿಸ್ಟ್ ಓದು. ಮೊದಲು ಗಂಟೆ ಬರೆದುಕೋ.” ಎರಡು ಗಂಟೆಯ ಇಂಧನವಿತ್ತು. ತೊಡೆಗೆ ಕಟ್ಟಿದ ಹಲಗೆಯ ಮೇಲೆ ಸಮಯ ಬರೆದೆ, ಪಕ್ಕದಲ್ಲಿ ಇಷ್ಟು ಹೊತ್ತಿಗೆ ಏನೇ ಆದರೂ ಇಳಿಯುವುದು ಎಂದೂ ಬರೆದೆ.

ಚೆಕ್‌ಲಿಸ್ಟ್ ನೋಡಿದರೆ ನಗು ಬರುವಷ್ಟು ಸರಳ. ಸರ್ಕ್ಯೂಟ್ ಬ್ರೇಕರ್ ಹೊರಗೆ ಹಾರಿದೆಯೇ? ಇದನ್ನು ಸಣ್ಣದೆನ್ನಬೇಡಿ. 2011ರ ನವೆಂಬರ್ 1ರಂದು ವಾರ್ಸಾದಲ್ಲಿ 231 ಜನರಿದ್ದ ಪೋಲೆಂಡಿನ ಬೋಯಿಂಗ್ 767 ಚಕ್ರವಿಲ್ಲದೆ ಹೊಟ್ಟೆಯ ಮೇಲೆ ಇಳಿಯಿತು. ದೇವರ ದಯೆ, ಒಬ್ಬರಿಗೂ ಪೆಟ್ಟಾಗಲಿಲ್ಲ. ಆಮೇಲೆ ನೋಡಿದರೆ ಒಂದು ಬ್ರೇಕರ್ ಹೊರಬಂದಿತ್ತು. ಅದನ್ನು ಒಳಗೊತ್ತಿದಾಗ ಚಕ್ರಗಳು ಇಳಿದವು. ಮುಂದಿನ ಸಾಲು: ಹಗಲಾದರೆ ಪ್ಯಾನೆಲ್ ಲೈಟ್ ಆರಿಸಿ. ಯಾಕೆಂದರೆ ಆ ಸ್ವಿಚ್ ಹಾಕಿದ್ದರೆ ಹಸಿರು ದೀಪಗಳು ರಾತ್ರಿಗೆ ತಕ್ಕಂತೆ ಮಂಕಾಗುತ್ತವೆ, ಬಿಸಿಲಿನಲ್ಲಿ ಕಾಣುವುದೇ ಇಲ್ಲ. ಅದರ ಮುಂದಿನದು ಬಲ್ಬ್. ಹೊತ್ತಿದ್ದ ದೀಪವೊಂದನ್ನು ಕಿತ್ತು ಎಡಗಾಲಿನ ಜಾಗಕ್ಕೆ ಹಾಕಿದೆ. ಹೊತ್ತಲಿಲ್ಲ. ಬಲ್ಬ್ ನಿರಪರಾಧಿ.

ಆಗ ಹೊಟ್ಟೆಯೊಳಗೆ ತಣ್ಣಗಾಯಿತು. ವೇಗವನ್ನು 85 ನಾಟ್‌ಗಿಂತ ಕೆಳಗಿಳಿಸಿದೆವು, ಗಾಳಿ ಜೋರಾಗಿದ್ದರೆ ಕಾಲು ಪೂರ್ತಿ ಇಳಿಯದಂತೆ ತಡೆಯಬಹುದು. ತುರ್ತು ನಾಬ್ ಎಳೆದೆ. ಏನೂ ಬದಲಾಗಲಿಲ್ಲ. ಸರ್ ರಡ್ಡರ್ ಒತ್ತಿ ವಿಮಾನದ ಮೂತಿಯನ್ನು ಎಡಕ್ಕೂ ಬಲಕ್ಕೂ ಆಡಿಸಿದರು, ಅರ್ಧಕ್ಕೆ ನಿಂತ ಕಾಲಿದ್ದರೆ ಆ ಕುಲುಕಿಗೆ ಲಾಕ್ ಆಗಲೆಂದು. ಇಲ್ಲ. ಟವರ್ ಮುಂದೆ ತಗ್ಗಿನಲ್ಲಿ ಹಾದುಹೋದೆವು. ಮೂರೂ ಚಕ್ರ ಕೆಳಗಿರುವಂತೆ ಕಾಣುತ್ತಿದೆ ಎಂದರು. ಕೆಳಗಿದೆ ಎಂದರೆ ಲಾಕ್ ಆಗಿದೆ ಎಂದಲ್ಲ, ದುರ್ಬೀನಿಗೆ ಅದು ಕಾಣುವುದಿಲ್ಲ.

ಇಳಿಯುವ ಮುನ್ನ ಬೆಲ್ಟ್ ಬಿಗಿ ಮಾಡಿ, ಬಾಗಿಲಿನ ಚಿಲಕ ತೆಗೆದೆವು. ಬಡಿದ ಮೇಲೆ ಬಾಗಿಲು ಸಿಕ್ಕಿಹಾಕಿಕೊಂಡರೆ ಕಷ್ಟ. ಎಡಗಾಲು ಕುಸಿದರೆ ವಿಮಾನ ಎಡಕ್ಕೆ ಎಳೆಯುತ್ತದೆ, ಅದಕ್ಕೆ ರನ್‌ವೇಯ ಬಲ ಅರ್ಧದ ಮೇಲೆ ಗುರಿಯಿಟ್ಟೆವು. ಸರ್ ಬಲಚಕ್ರವನ್ನು ಮೊದಲು ಮುಟ್ಟಿಸಿ, ಎಡ ರೆಕ್ಕೆಯನ್ನು ಆದಷ್ಟು ಹೊತ್ತು ಎತ್ತಿ ಹಿಡಿದರು. ವೇಗ ಇಳಿದಂತೆ ಎಡಚಕ್ರ ನೆಲಕ್ಕೆ ತಾಗಿತು. ನಿಂತಿತು. ರನ್‌ವೇ ಮೇಲೇ ಎಂಜಿನ್ ಆರಿಸಿ ಇಳಿದೆವು, ಪಕ್ಕದಲ್ಲೇ ಫೈರ್ ಎಂಜಿನ್ ಕಾಯುತ್ತಿತ್ತು. ಎಂಜಿನಿಯರ್ ಜ್ಯಾಕ್ ಹಾಕಿ ನೋಡಿದಾಗ ಎಡಗಾಲಿನ ಪುಟ್ಟ ಸ್ವಿಚ್ಚಿನಲ್ಲಿ ಒಣಗಿದ ಕೆಸರು. ಕಾಲು ಮೊದಲಿನಿಂದಲೂ ಲಾಕ್ ಆಗಿಯೇ ಇತ್ತು.

ನಿಜಕ್ಕೂ ಚಕ್ರ ಬಾರದಿದ್ದರೆ? ಆ ಹುಡುಗಿಗೆ ಒಂದು ಲೆಕ್ಕ. ಸಣ್ಣ ವಿಮಾನ ಗಂಟೆಗೆ 120 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತದೆ ಎಂದಿಟ್ಟುಕೊಳ್ಳಿ, ಅಂದರೆ ಸೆಕೆಂಡಿಗೆ 33 ಮೀಟರ್. ಲೋಹಕ್ಕೂ ರನ್‌ವೇಗೂ ನಡುವಿನ ಘರ್ಷಣಾಂಕ 0.4 ಎಂದುಕೊಳ್ಳಿ. ವೇಗದ ವರ್ಗವನ್ನು 2, 0.4 ಮತ್ತು 9.8ರ ಗುಣಲಬ್ಧದಿಂದ ಭಾಗಿಸಿ. ಸುಮಾರು 140 ಮೀಟರ್ ಜಾರಿ ನಿಲ್ಲುತ್ತದೆ. ಮಂಗಳೂರಿನ ರನ್‌ವೇ 2,450 ಮೀಟರ್ ಇದೆ. ದ್ರವ್ಯರಾಶಿ ಸಮೀಕರಣದಿಂದ ಹೊರಗೆ ಹೋದದ್ದನ್ನು ಗಮನಿಸಿದಿರಾ? ಪ್ರೊಪೆಲ್ಲರ್ ಬಾಗುತ್ತದೆ, ಎಂಜಿನ್ ಬಿಚ್ಚಿ ಪರೀಕ್ಷಿಸಬೇಕಾಗುತ್ತದೆ, ಲಕ್ಷಗಟ್ಟಲೆ ಖರ್ಚು. ಒಳಗಿದ್ದವರು ಹೆಚ್ಚಾಗಿ ನಡೆದುಕೊಂಡೇ ಹೊರಬರುತ್ತಾರೆ. 2023ರ ಜುಲೈನಲ್ಲಿ ಬೆಂಗಳೂರಿನ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಮುಂದಿನ ಚಕ್ರವಿಲ್ಲದೆ ಇಳಿದ ಸಣ್ಣ ಜೆಟ್‌ನ ಇಬ್ಬರು ಪೈಲಟ್‌ಗಳೂ ಹಾಗೆಯೇ ಸುರಕ್ಷಿತವಾಗಿ ಬಂದರು. ಇಂಥ ಹೊತ್ತಿನಲ್ಲಿ ಪ್ರೊಪೆಲ್ಲರ್ ಉಳಿಸಲು ಹೋಗಿ ಎತ್ತರದಲ್ಲೇ ಎಂಜಿನ್ ಆರಿಸುವ ಆಸೆಯೊಂದು ಬರುತ್ತದೆ. ನಮ್ಮ ಸರ್ ಅದನ್ನು ಕಟ್ಟುನಿಟ್ಟಾಗಿ ಬೇಡವೆನ್ನುತ್ತಿದ್ದರು. ರನ್‌ವೇ ಕೈಗೆ ಸಿಕ್ಕಿತು ಎಂದು ಖಾತ್ರಿಯಾಗುವ ತನಕ ಎಂಜಿನ್ ಬೇಕು, ಅದು ಇನ್ಶೂರೆನ್ಸ್ ಕಂಪನಿಯ ಚಿಂತೆ, ನಿನ್ನದಲ್ಲ ಎಂದು.

ಉಮ್ಮನಿಗೆ ಈ ವಿಷಯ ಎರಡು ತಿಂಗಳು ಹೇಳಿರಲಿಲ್ಲ. ಹೇಳಿದಾಗ ಪೂರ್ತಿ ಕೇಳಿ, ಅಷ್ಟು ಹೊತ್ತು ಮೇಲೆ ಏನು ಮಾಡುತ್ತಿದ್ದೆ ಎಂದರು. ಹೆಚ್ಚಾಗಿ ಓದುತ್ತಿದ್ದೆ ಎಂದೆ. ನಂಬಲಿಲ್ಲ.