ಹಾಸುಗಲ್ಲುಗಳು ಮತ್ತು ಭೂಖಂಡಗಳ ಡಿಕ್ಕಿ

ಹೈದರಾಬಾದಿನ ಕೋಠಿಯಂತಹ ಹಳೆಯ ಬಡಾವಣೆಗಳ ಮನೆಗಳಲ್ಲಿ ನೆಲಕ್ಕೆ ಶಹಾಬಾದ್ ಕಲ್ಲನ್ನೂ ಅಡುಗೆಮನೆಯ ಕಟ್ಟೆಗೆ ಕರಿಯ ಕಡಪ ಕಲ್ಲನ್ನೂ ಹಾಸುವ ರೂಢಿಯಿತ್ತು. ಇವೆರಡೂ ಆ ನಗರದ ಕಲ್ಲುಗಳಲ್ಲ. ಹೈದರಾಬಾದಿನ ಸ್ವಂತ ಕಲ್ಲು, ಸುಮಾರು 250 ಕೋಟಿ ವರ್ಷಗಳ ಹಿಂದೆ ಶಿಲಾದ್ರವವು ತಣಿದು ಗಟ್ಟಿಯಾದ ಗ್ರಾನೈಟ್. ಹಾಸುಗಲ್ಲುಗಳಾದರೋ ಪುರಾತನ ಸಮುದ್ರಗಳ ತಳದಲ್ಲಿ ಪದರಪದರವಾಗಿ ತಂಗಿದ ಸುಣ್ಣದ ಕೆಸರಿನಿಂದ ಉಂಟಾದವು. ಇಂತಹ ಪದರಶಿಲೆಗಳ ನೆರವಿನಿಂದ ಭೂಖಂಡಗಳ ನಡುವೆ ಹಿಂದೆ ನಡೆದ ಡಿಕ್ಕಿಗಳನ್ನು ಗುರುತಿಸಲು ಸಾಧ್ಯವಿದೆ.

ಕಲಬುರಗಿ ಜಿಲ್ಲೆಯ ಶಹಾಬಾದಿನ ಪದರಗಳು ಇಂದಿಗೂ ಬಹುಮಟ್ಟಿಗೆ ಸಮತಲವಾಗಿಯೇ ಇವೆ. ಆದುದರಿಂದಲೇ ಅವನ್ನು ಸಪಾಟಾದ ಚಪ್ಪಡಿಗಳಾಗಿ ಎಬ್ಬಿಸಬಹುದು. ಆಂಧ್ರಪ್ರದೇಶದ ನಂದ್ಯಾಲದಿಂದ ಗಿದ್ದಲೂರಿನ ಕಡೆಗೆ ನಲ್ಲಮಲ ಬೆಟ್ಟಗಳನ್ನು ದಾಟುವಲ್ಲಿ ಸ್ಥಿತಿ ಬೇರೆ. ಅಲ್ಲಿನ ಪದರಗಳು ಒಂದು ಬದಿಯಿಂದ ತಳ್ಳಿದ ಜಮಖಾನೆಯಂತೆ ಸುಕ್ಕುಗಟ್ಟಿವೆ. ಪೂರ್ವಕ್ಕೆ ಹೋದಂತೆ ಮಡಿಕೆಗಳು ಇನ್ನಷ್ಟು ಬಿಗಿಯಾಗುತ್ತವೆ. ಕಡಪ ದ್ರೋಣಿಯೆಂದು ಕರೆಯಲಾಗುವ ಈ ಪ್ರದೇಶದ ಪೂರ್ವದ ಅಂಚಿನಲ್ಲಿ ಹಳೆಯ ಶಿಲೆಗಳು ಹೊಸ ಶಿಲೆಗಳ ಮೇಲೇರಿ ಕುಳಿತಿವೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಅವರು ಈ ಶಿಲೆಗಳ ವಿವರವಾದ ವರದಿಯನ್ನು 1872ರಲ್ಲಿಯೇ ಪ್ರಕಟಿಸಿದ್ದರು.

ಒತ್ತಡವು ಪೂರ್ವದಿಂದ ಬಂದಿತೆಂಬುದು ಮಡಿಕೆಗಳಿಂದ ತಿಳಿಯುತ್ತದೆ. ಆದರೆ ಅದು ಯಾವಾಗ ಬಂದಿತು? ಇದಕ್ಕೆ ಮರಳಿನ ಕಣಗಳನ್ನು ಕೇಳಬೇಕಾಗುತ್ತದೆ. ಬೆಟ್ಟವು ಪೂರ್ಣವಾಗಿ ಸವೆದುಹೋದರೂ ನದಿಗಳು ಹೊತ್ತು ತಂದ ಅದರ ಮರಳು ಪದರಗಳಲ್ಲಿ ಉಳಿಯುತ್ತದೆ. ಆ ಮರಳಿನಲ್ಲಿ ಜಿರ್ಕಾನ್ ಎಂಬ ಖನಿಜದ ಸೂಕ್ಷ್ಮ ಹರಳುಗಳಿರುತ್ತವೆ. ಅವುಗಳಲ್ಲಿನ ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗಿ ಮಾರ್ಪಡುವುದರಿಂದ, ಎರಡರ ಪ್ರಮಾಣವನ್ನು ಅಳೆದು ಹರಳಿನ ವಯಸ್ಸನ್ನು ಲೆಕ್ಕಹಾಕಬಹುದು. ಕಡಪ ದ್ರೋಣಿಯ ಕೆಳಪದರಗಳಲ್ಲಿ ಸುಮಾರು 250 ಕೋಟಿ ವರ್ಷಗಳ ಹರಳುಗಳೇ ಹೆಚ್ಚು. ಇವು ಪಶ್ಚಿಮದ ಧಾರವಾಡ ಭೂಭಾಗದಿಂದ ಬಂದವು. ನಲ್ಲಮಲದ ಪದರಗಳಲ್ಲಿ 170 ಕೋಟಿ ವರ್ಷಗಳಿಗೆ ಸಮೀಪದ ಹರಳುಗಳೂ ಬೆರೆತಿವೆ. ಆ ಕಾಲದ ಶಿಲೆಗಳು ದೊರೆಯುವುದು ಪೂರ್ವದಲ್ಲಿ, ಒಂಗೋಲಿನ ಆಸುಪಾಸಿನ ಪೂರ್ವಘಟ್ಟಗಳಲ್ಲಿ. ಡಿಕ್ಕಿಯಿಂದ ಅಲ್ಲಿ ಪರ್ವತವೆದ್ದು, ನದಿಗಳು ಅದರ ಮರಳನ್ನು ಪಶ್ಚಿಮಕ್ಕೆ ತಂದವೆಂದು ಊಹಿಸಲು ಇದೇ ಆಧಾರ.

ಇಲ್ಲಿ ಎಚ್ಚರಿಕೆ ಅಗತ್ಯ. ತಿಳಿದುಬರುವುದು ಹರಳಿನ ವಯಸ್ಸೇ ಹೊರತು ಪದರದ್ದಲ್ಲ. ಪದರವು ತನ್ನಲ್ಲಿರುವ ಅತ್ಯಂತ ಕಿರಿಯ ಹರಳಿಗಿಂತಲೂ ಈಚಿನದು ಎಂದಷ್ಟೇ ಹೇಳಬಹುದು. ಇದಲ್ಲದೆ ಸುಮಾರು 100 ಕೋಟಿ ವರ್ಷಗಳ ಹಿಂದೆ ಪೂರ್ವಘಟ್ಟಗಳ ಕಡೆಯಲ್ಲಿ ಭಾರತಕ್ಕೂ ಅಂಟಾರ್ಕ್ಟಿಕಕ್ಕೂ ಮತ್ತೊಂದು ಡಿಕ್ಕಿ ನಡೆಯಿತು. ನಲ್ಲಮಲದ ಯಾವ ಮಡಿಕೆ ಯಾವ ಡಿಕ್ಕಿಯದು ಎಂಬ ಬಗ್ಗೆ ಭೂವಿಜ್ಞಾನಿಗಳಲ್ಲಿ ಒಮ್ಮತವಿಲ್ಲ. ಒಂದು ಸಂಗತಿ ಮಾತ್ರ ಸ್ಪಷ್ಟ: ಪಲ್ನಾಡಿನಲ್ಲಿ ನಲ್ಲಮಲದ ಶಿಲೆಗಳು ಕಡಪ ಕಲ್ಲಿನ ವರ್ಗಕ್ಕೆ ಸೇರಿದ ಪದರಗಳ ಮೇಲೆಯೂ ಏರಿ ಬಂದಿರುವುದರಿಂದ, ಕೊನೆಯ ಒತ್ತಡವು ಅಡುಗೆಮನೆಯ ಆ ಕರಿಯ ಕಲ್ಲು ರೂಪುಗೊಂಡ ನಂತರದ್ದು.