ಕಾಲೇಜಿನ ಖರ್ಚು: ನಮ್ಮ ಪಾಲು ಎಷ್ಟು?

ಮಕ್ಕಳು ಪಿಯುಸಿ ಮುಗಿಸುವ ಹೊತ್ತಿಗೆ ಗಲ್ಫಿನಲ್ಲಿ ದುಡಿಯುವ ನಮ್ಮೆಲ್ಲರ ಮುಂದೆ ಒಂದೇ ಪ್ರಶ್ನೆ: ಕಾಲೇಜಿಗೆ ನಾವು ಕೈಯಿಂದ ಎಷ್ಟು ಹಾಕಬಲ್ಲೆವು, ಸಾಲ ಎಷ್ಟು ಬೇಕು? ಆಸ್ಪತ್ರೆಯ ಔಷಧ ವಿಭಾಗದಲ್ಲಿ ನಾವು ಮಗುವಿನ ತೂಕ ಕೇಳದೆ ಸಿರಪ್ಪಿನ ಅಳತೆ ಹೇಳುವುದಿಲ್ಲ. ಸಾಲವೂ ಹಾಗೆಯೇ. ಪಕ್ಕದ ರೂಮಿನವರು ತೆಗೆದಷ್ಟೇ ನಾವೂ ತೆಗೆಯುವುದು ಲೆಕ್ಕವಲ್ಲ.

ಮೊದಲು ಪೂರ್ತಿ ಖರ್ಚು ಬರೆಯೋಣ: ಶುಲ್ಕ, ಹಾಸ್ಟೆಲ್, ಊಟ, ಪುಸ್ತಕ, ಲ್ಯಾಪ್‌ಟಾಪ್, ಪ್ರಯಾಣ. ಊರಲ್ಲಿ ನಾಲ್ಕು ವರ್ಷದ ಎಂಜಿನಿಯರಿಂಗಿಗೆ ಎಲ್ಲ ಸೇರಿ 12 ಲಕ್ಷ ರೂಪಾಯಿ ಎಂದಿಟ್ಟುಕೊಳ್ಳಿ.

ಆಮೇಲೆ ನಮ್ಮ ಪಾಲು. ತಿಂಗಳಿಗೆ 30,000 ಕಳಿಸುತ್ತೇವೆ. ಮನೆ ಖರ್ಚು, ಅಪ್ಪ ಅಮ್ಮನ ಮದ್ದು, ಹಳೆಯ ಕಂತು ಕಳೆದು 7,000 ಉಳಿದರೆ ನಾಲ್ಕು ವರ್ಷಕ್ಕೆ 3,36,000. ಓವರ್‌ಟೈಮ್ ಸೇರಿಸಬಾರದು, ಅದು ಯಾವ ತಿಂಗಳು ನಿಲ್ಲುತ್ತದೋ ಗೊತ್ತಿಲ್ಲ. ಗ್ರಾಚ್ಯುಟಿಯನ್ನೂ ಲೆಕ್ಕಕ್ಕೆ ತರುವುದು ಬೇಡ. ಕೆಲಸ ಹೋದರೆ ಊರಲ್ಲಿ ಕಾಲೂರುವ ತನಕ ಕೈಯಲ್ಲಿರುವುದು ಅದೊಂದೇ.

ಉಳಿದ 8,64,000ಕ್ಕೆ ಸಾಲ. ಇಲ್ಲೊಂದು ಗೆರೆ ಇದೆ. ಬ್ಯಾಂಕುಗಳ ಮಾದರಿ ಶಿಕ್ಷಣ ಸಾಲ ಯೋಜನೆಯಲ್ಲಿ ಸಾಲ 7.5 ಲಕ್ಷ ದಾಟಿದರೆ ಆಸ್ತಿ ಅಡವು ಬೇಕು. ನಾವು ತಿಂಗಳಿಗೆ 2,375 ಹೆಚ್ಚು ಹಾಕಿದರೆ ಸಾಲ ಅಷ್ಟರಲ್ಲೇ ನಿಲ್ಲುತ್ತದೆ, ಮನೆಯ ಪತ್ರ ಪೆಟ್ಟಿಗೆಯಲ್ಲೇ ಉಳಿಯುತ್ತದೆ. ಭಾರತದಲ್ಲಿ ಓದಲು 4 ಲಕ್ಷ ಮೀರಿದ ಸಾಲಕ್ಕೆ ಬ್ಯಾಂಕು ಕೇಳುವ ನಮ್ಮ ಪಾಲು ಶೇ. 5, ವಿದೇಶಕ್ಕೆ ಶೇ. 15. ಅದು ಅವರ ಕನಿಷ್ಠ; ನಮ್ಮ ಶಕ್ತಿಯ ಅಳತೆಯಲ್ಲ.

ಕೇಂದ್ರದ ಬಡ್ಡಿ ಸಹಾಯಧನಕ್ಕೆ ಕುಟುಂಬದ ವಾರ್ಷಿಕ ಆದಾಯ 4.5 ಲಕ್ಷ ಮೀರಬಾರದು. ಗಲ್ಫ್ ಸಂಬಳಕ್ಕೆ ಊರಲ್ಲಿ ತೆರಿಗೆ ಇಲ್ಲವೆಂದು ಅದನ್ನು ಬಿಟ್ಟು ಬರೆಯುವಂತಿಲ್ಲ. ಎಲ್ಲ ಮೂಲದ ಆದಾಯವೂ ಸೇರುತ್ತದೆ. ಪಿಎಂ ವಿದ್ಯಾಲಕ್ಷ್ಮಿಯಲ್ಲಿ ಆಯ್ದ ಉತ್ತಮ ಸಂಸ್ಥೆಗಳಿಗೆ ಅಡವು, ಜಾಮೀನು ಎರಡೂ ಇಲ್ಲದೆ ಸಾಲ ಸಿಗುತ್ತದೆ. ಹೊರದೇಶದ ಭಾರತೀಯರ ಮಕ್ಕಳಿಗೆಂದು 2006-07ರಲ್ಲಿ ಶುರುವಾದ ಎಸ್‌ಪಿಡಿಸಿ ವಿದ್ಯಾರ್ಥಿವೇತನದ ಬಗ್ಗೆಯೂ ಎಂಬೆಸಿಯಲ್ಲಿ ವಿಚಾರಿಸಿ.

ಕಂತು ಶುರುವಾಗುವುದು ಓದು ಮುಗಿದು ಒಂದು ವರ್ಷದ ಮೇಲೆ. ಬಡ್ಡಿ ಮಾತ್ರ ಮೊದಲ ದಿನದಿಂದಲೇ ಬೆಳೆಯುತ್ತದೆ. ಸಾಲದ ಪತ್ರದಲ್ಲಿ ಮೊದಲ ಹೆಸರು ಮಗ ಅಥವಾ ಮಗಳದ್ದು, ನಮ್ಮದು ಜೊತೆಗೆ. ಆದ್ದರಿಂದ ಈ ಲೆಕ್ಕ ನಾವೊಬ್ಬರೇ ರೂಮಿನಲ್ಲಿ ಕೂತು ಮಾಡುವುದಲ್ಲ. ಈ ಶುಕ್ರವಾರ ಊರಿಗೆ ವಿಡಿಯೋ ಕಾಲ್ ಮಾಡಿದಾಗ ಅವರ ಕೈಗೂ ಪೆನ್ನು ಕೊಡಿಸೋಣ.